ಕೂಡಿಸಿ ಸುರಿದದ್ದು

ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಆಕೆಯನ್ನು ಎಲ್ಲರೂ ಲಾಳಿಕೆಯಕ್ಕ ಅನ್ನುತ್ತಿದ್ದರು. ಹಾಗೆ ಹೆಸರಿಟ್ಟ ವಿದ್ಯಾರ್ಥಿಗಳು ಯಾವ ವರ್ಷದವರೋ ಯಾರಿಗೂ ನೆನಪಿಲ್ಲ; ಅವರ ಮಕ್ಕಳೇ ಈಗ ಈ ಲ್ಯಾಬಿಗೆ ಬರುವ ವಯಸ್ಸಿನವರು. ಆಕೆಯ ನೀಲಿ ಕೋಟಿನ ಜೇಬಿನಿಂದ ಗಾಜಿನ ಲಾಳಿಕೆಯೊಂದು ಸದಾ ಬಾಯಿ ತೆರೆದುಕೊಂಡು ಇಣುಕುತ್ತಿತ್ತು. ಬೇರೆ ಅಟೆಂಡರುಗಳ ಜೇಬಿನಲ್ಲಿ ಪೆನ್ನು ಇರುವ ಹಾಗೆ.

ಮೂವತ್ತೊಂದು ವರ್ಷ ಆಕೆ ಮಾಡಿದ್ದು ಹೆಚ್ಚುಕಡಿಮೆ ಒಂದೇ ಕೆಲಸ. ದೊಡ್ಡ ಬಾಟಲಿಯಿಂದ ಸಣ್ಣ ಬಾಟಲಿಗೆ ಸುರಿಯುವುದು. ಮೇಷ್ಟ್ರುಗಳೇ ಅಳತೆ ನೋಡಿ ನೀರಿಗೆ ಆಮ್ಲ ಬೆರೆಸಿ ದೊಡ್ಡ ಬಾಟಲಿಗಳನ್ನು ಮೇಜಿನ ಕೆಳಗಿನ ಗೂಡಿನಲ್ಲಿ ಇಡುತ್ತಿದ್ದರು. ಆರು ಮೇಜುಗಳ ಮೇಲೆ ಸಣ್ಣ ಬಾಟಲಿಗಳ ಆರು ಸಾಲು. ಅವು ಖಾಲಿಯಾದಂತೆ ತುಂಬಿಸಬೇಕು, ಬಳಸಿದ ಪ್ರನಾಳಗಳನ್ನು ತೊಳೆದು ಒಣಗಲು ಬೋರಲು ಹಾಕಬೇಕು, ಮರುದಿನ ಮತ್ತೆ ಅದೇ. ಈ ಕೆಲಸದಲ್ಲಿ ಆಕೆ ತಾನೇ ಮಾಡಿಕೊಂಡ ನಿಯಮ ಒಂದೇ: ಹೊರಗೆ ಬಂದದ್ದು ತಿರುಗಿ ಒಳಗೆ ಹೋಗಬಾರದು. ಮಕ್ಕಳು ಹೆಚ್ಚಾಗಿ ಸುರಿದುಕೊಂಡ ಆಮ್ಲವನ್ನು ಮೆಲ್ಲಗೆ ಬಾಟಲಿಗೆ ವಾಪಸು ಹಾಕಲು ಹೋದರೆ, ಲ್ಯಾಬಿನ ಆ ತುದಿಯಲ್ಲಿದ್ದರೂ ಆಕೆಗೆ ಗೊತ್ತಾಗುತ್ತಿತ್ತು.

“ಏಯ್, ಉಗುಳಿದ್ದನ್ನ ಮತ್ತೆ ನುಂಗ್ತೀಯೇನೋ?”

ಇಡೀ ಲ್ಯಾಬು ನಗುತ್ತಿತ್ತು. ಆಕೆ ನಗುತ್ತಿರಲಿಲ್ಲ.

ಆಕೆಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಆದರೆ ಅಕ್ಷರ ಕೂಡಿಸಿಕೊಂಡು, ನಿಧಾನವಾಗಿ. ಲ್ಯಾಬಿನಲ್ಲಿ ಆ ನಿಧಾನಕ್ಕೆ ಹೊತ್ತಿಲ್ಲ. ಅದಕ್ಕೆ ಬಾಟಲಿಗಳನ್ನು ಬೇರೆ ರೀತಿಯಲ್ಲಿ ಗುರುತಿಟ್ಟುಕೊಂಡಿದ್ದಳು. ಹೈಡ್ರೋಕ್ಲೋರಿಕ್ ಆಮ್ಲದ ದೊಡ್ಡ ಬಾಟಲಿಯ ಕುತ್ತಿಗೆಗೆ ಕೆಂಪು ದಾರ. ನೈಟ್ರಿಕ್ಕಿನ ಬಿರಡೆಯ ಅಂಚು ಮುಕ್ಕಾಗಿತ್ತು, ಕಣ್ಣು ಮುಚ್ಚಿಕೊಂಡರೂ ಬೆರಳಿಗೆ ಸಿಗುತ್ತಿತ್ತು. ಅಮೋನಿಯಾ ತಾನೇ ಮೂಗಿಗೆ ಬಂದು ಹೆಸರು ಹೇಳಿಕೊಳ್ಳುತ್ತದೆ. ನೀರಿನಂತೆ ಕಾಣುವ ಅಷ್ಟೂ ಬಾಟಲಿಗಳ ನಡುವೆ ಮೂವತ್ತೊಂದು ವರ್ಷ ಆಕೆ ಹೀಗೆ ಓಡಾಡಿದಳು, ಒಂದೂ ತಪ್ಪಿಲ್ಲದೆ. ಇನ್ನು ಮೂರು ತಿಂಗಳಿಗೆ ನಿವೃತ್ತಿ.

ಆ ವರ್ಷ ಪ್ರಾಯೋಗಿಕ ಪರೀಕ್ಷೆಗೆ ನಾಲ್ಕು ದಿನ ಮುಂಚೆ ವಿಭಾಗದ ಮುಖ್ಯಸ್ಥರು ಹೊಸ ಬಾಟಲಿಗಳ ಪೆಟ್ಟಿಗೆ ತರಿಸಿದರು. ಎಲ್ಲ ಒಂದೇ ಎತ್ತರ, ಒಂದೇ ಬಿರಡೆ. ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಚೀಟಿಗಳು, ಅವೂ ಒಂದೇ ಅಳತೆ.

“ಹೊರಗಿನ ಪರೀಕ್ಷಕರು ಬರ್ತಾರೆ. ಈ ದಾರ, ಈ ಮುಕ್ಕು ಬಿರಡೆ, ಇದೆಲ್ಲ ನೋಡಿದ್ರೆ ಏನಂದ್ಕೋತಾರೆ? ಎಲ್ಲ ಹೊಸದಕ್ಕೆ ಬದಲಾಯಿಸಿಬಿಡಿ” ಅಂದರು.

“ದಾರ ಇರ್ಲಿ ಸಾರ್, ನಂಗೆ ಗುರುತಿಗೆ.”

“ಚೀಟಿ ಇದೆಯಲ್ಲಮ್ಮ, ಅಷ್ಟು ದಪ್ಪ ಅಕ್ಷರದಲ್ಲಿ.”

ಅವರು ಕೆಟ್ಟ ಮನುಷ್ಯರಲ್ಲ. ಸ್ವಲ್ಪ ಹೆದರುವ ಸ್ವಭಾವ. ಆಕೆ ಒಂದೊಂದೇ ಬಾಟಲಿ ಬರಿದುಮಾಡಿ, ಒಂದೊಂದೇ ತುಂಬಿಸಿ, ಹಳೆಯವನ್ನು ತೊಳೆದು ಅಟ್ಟಕ್ಕೆ ಹಾಕಿದಳು. ಅಂದು ಎಲ್ಲವೂ ಸರಿಯಾಗಿಯೇ ಸುರಿದಿದ್ದಳು. ಕೆಂಪು ದಾರ ಮಾತ್ರ ಕೋಟಿನ ಜೇಬಿನ ತಳದಲ್ಲಿ ಉಳಿಯಿತು.

ಪರೀಕ್ಷೆಯ ಮೂರನೆಯ ದಿನ. ಬೆಳಿಗ್ಗೆ ಏಳಕ್ಕೆ ನಿಂತ ಕಾಲು ಮಧ್ಯಾಹ್ನ ಒಂದಾದರೂ ಕೂತಿರಲಿಲ್ಲ. ಮೊದಲ ತಂಡ ಹೋಗಿ ಎರಡನೆಯದು ಬರುವ ನಡುವೆ ನಲವತ್ತು ನಿಮಿಷ. ಅಷ್ಟರಲ್ಲಿ ಇನ್ನೂರು ಪ್ರನಾಳ ತೊಳೆಯಬೇಕು, ಮೇಜು ಒರೆಸಬೇಕು, ಬಾಟಲಿ ತುಂಬಿಸಬೇಕು. ಊಟದ ಡಬ್ಬಿ ಮುಚ್ಚಳ ಕೂಡ ತೆಗೆಯದೆ ಕಿಟಕಿಯ ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿತ್ತು. ನೈಟ್ರಿಕ್ ಆಮ್ಲದ ಆರು ಸಣ್ಣ ಬಾಟಲಿಗಳೂ ಅರ್ಧಕ್ಕೆ ಇಳಿದಿದ್ದವು. ಆಕೆ ಗೂಡಿನಿಂದ ದೊಡ್ಡ ಬಾಟಲಿ ಎಳೆದು, ಲಾಳಿಕೆ ಇಟ್ಟು, ಒಂದೊಂದನ್ನೇ ತುಂಬಿಸುತ್ತ ಹೋದಳು.

ನಾಲ್ಕನೆಯ ಮೇಜಿನ ಹತ್ತಿರ ಕೈ ಒಂದು ಗಳಿಗೆ ನಿಂತಿತು. ನೈಟ್ರಿಕ್ಕಿನ ದೊಡ್ಡ ಬಾಟಲಿ ನಿನ್ನೆಯೇ ತಳ ಕಂಡಿತ್ತಲ್ಲ? ಇದು ಭಾರವಾಗಿದೆ.

ದಣಿದ ಕೈಗೆ ಎಲ್ಲವೂ ಭಾರವೇ ಅಂದುಕೊಂಡಳು. ಗಂಟೆ ಹೊಡೆಯಿತು. ಉಳಿದ ಎರಡನ್ನೂ ತುಂಬಿಸಿದಳು.

ಎರಡನೆಯ ತಂಡದಲ್ಲಿ ಹನ್ನೊಂದು ವಿದ್ಯಾರ್ಥಿಗಳು. ಒಬ್ಬೊಬ್ಬರಿಗೆ ಒಂದೊಂದು ಲವಣದ ಪುಡಿ, ಹೆಸರು ಗುಟ್ಟು. ಪರೀಕ್ಷೆಗಳನ್ನು ಮಾಡಿ ಅದರಲ್ಲೇನಿದೆ ಎಂದು ಬರೆಯಬೇಕು. ಪುಡಿಯನ್ನು ನೀರಿನಲ್ಲಿ ಕರಗಿಸಿ, ನೈಟ್ರಿಕ್ ಆಮ್ಲದ ನಾಲ್ಕು ಹನಿ, ಆಮೇಲೆ ಸಿಲ್ವರ್ ನೈಟ್ರೇಟ್ ಎರಡು ಹನಿ. ಮೊಸರು ಒಡೆದಂತೆ ಬಿಳಿ ಬಂದರೆ ಕ್ಲೋರೈಡ್. ಬರದಿದ್ದರೆ ಮುಂದಕ್ಕೆ. ಅಂದು ಹನ್ನೊಂದು ಪ್ರನಾಳಗಳಲ್ಲೂ ಬಿಳಿ ಬಂತು. ಹನ್ನೊಂದು ಮಂದಿಯೂ ಕ್ಲೋರೈಡ್ ಎಂದು ಬರೆದರು.

ಹೊರಗಿನ ಪರೀಕ್ಷಕರು ಉತ್ತರಪತ್ರಿಕೆಗಳನ್ನು ಇಸ್ಪೀಟೆಲೆಯ ಹಾಗೆ ಮೇಜಿನ ಮೇಲೆ ಹರಡಿದರು.

“ಕ್ಲೋರೈಡ್ ಕೊಟ್ಟಿದ್ದು ಒಬ್ಬಳಿಗೆ. ಹನ್ನೊಂದು ಜನಕ್ಕೂ ಒಂದೇ ಕನಸು ಬಿತ್ತಾ?”

ಆ ಒಬ್ಬಳು ಕಿಟಕಿ ಪಕ್ಕದ ಮೇಜಿನ ಹುಡುಗಿ. ಎಲ್ಲರಿಗಿಂತ ಮೊದಲು ಮುಗಿಸಿದವಳು, ಎರಡು ಸಲ ಸಿಂಕಿನ ಹತ್ತಿರ ಹೋಗಿ ಬಂದವಳು. ಲೆಕ್ಕ ಸರಿಹೋಯಿತು ಅಂದರು ಪರೀಕ್ಷಕರು. ಉತ್ತರ ಅವಳಿಂದ ಹೊರಟಿದೆ, ಉಳಿದವರು ನಕಲು ಹೊಡೆದಿದ್ದಾರೆ. ನಾಳೆ ಮಧ್ಯಾಹ್ನ ವರದಿ ಬರೆಯುತ್ತೇನೆ. ಹತ್ತು ಜನರ ಪರೀಕ್ಷೆ ರದ್ದು, ಅವಳು ಒಂದು ವರ್ಷ ಪರೀಕ್ಷೆಗೆ ಕೂರುವಂತಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮುಖ್ಯಸ್ಥರು ಗೂಡಿನ ಮುಂದೆ ಬಗ್ಗಿ ನೋಡಿದರು. ಹೈಡ್ರೋಕ್ಲೋರಿಕ್ಕಿನ ದೊಡ್ಡ ಬಾಟಲಿ ಕಾಲು ಭಾಗ ಇಳಿದಿತ್ತು. ನೈಟ್ರಿಕ್ಕಿನದು ನಿನ್ನೆ ಎಷ್ಟಿತ್ತೋ ಅಷ್ಟೇ ಇತ್ತು, ತಳದಲ್ಲಿ. ಅವರು ಲಾಳಿಕೆಯಕ್ಕನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಓರೆ ಮಾಡಿದರು.

“ಮಧ್ಯಾಹ್ನ ತುಂಬಿಸಿದ್ರಾ?”

“ತುಂಬಿಸಿದೆ ಸಾರ್.”

“ಯಾವುದರಿಂದ?”

ಉತ್ತರ ಬೇಕಾಗಿರಲಿಲ್ಲ. ಹೈಡ್ರೋಕ್ಲೋರಿಕ್ ಬೆರೆತ ಮೇಲೆ ಆ ಬಾಟಲಿ ಮುಟ್ಟಿದ ಎಲ್ಲದರಲ್ಲೂ ಬಿಳಿ ಬಂದೇ ಬರುತ್ತದೆ. ಅಷ್ಟು ರಸಾಯನಶಾಸ್ತ್ರ, ತೊಳೆದ ಪ್ರನಾಳಗಳಿಂದಲೇ ಆಕೆಗೆ ಗೊತ್ತಿತ್ತು.

ಮುಖ್ಯಸ್ಥರು ಟೈಪು ಮಾಡಿದ ಹಾಳೆಯೊಂದನ್ನು ಮುಂದಿಟ್ಟರು. ಇಂಗ್ಲಿಷಿನಲ್ಲಿ ಎರಡೇ ಸಾಲು.

“ಬಾಟಲಿಗಳ ವಿಷಯದಲ್ಲಿ ಸ್ವಲ್ಪ ಕನ್‌ಫ್ಯೂಷನ್ ಆಯ್ತು ಅಂತ ಬರೆದಿದೀನಿ. ಯಾರ ಹೆಸರೂ ಇಲ್ಲ. ಒಂದು ಸೈನ್ ಹಾಕಿ, ನಿಮಗೂ ತೊಂದ್ರೆ ಇಲ್ಲ, ನನಗೂ ಇಲ್ಲ. ಮೂರು ತಿಂಗಳು ಕಣಮ್ಮ. ಹಾರ ಹಾಕಿಸ್ಕೊಂಡು ಗೌರವವಾಗಿ ಹೋಗಿ.”

“ಇದ್ರಿಂದ ಮಕ್ಕಳು ಪಾರಾಗ್ತಾರಾ ಸಾರ್?”

ಅವರು ಕನ್ನಡಕ ತೆಗೆದು ಒರೆಸಿದರು. “ನೋಡೋಣ” ಅಂದರು.

ಆಕೆ ಹಾಳೆ ಮಡಚಿ ಲಾಳಿಕೆಯ ಪಕ್ಕದಲ್ಲಿಟ್ಟುಕೊಂಡಳು. “ನಾಳೆ ಕೊಡ್ತೀನಿ.”

ಲ್ಯಾಬಿನಲ್ಲಿ ಕಿಟಕಿ ಪಕ್ಕದ ಹುಡುಗಿ ಇನ್ನೂ ಸಿಂಕಿನ ಮುಂದೆ ನಿಂತಿದ್ದಳು. ನಲ್ಲಿ ಸುರಿಯುತ್ತಿತ್ತು. ಒಂದೇ ಪ್ರನಾಳವನ್ನು ಬ್ರಷ್ಷು ಹಾಕಿ ತಿರುಗಿಸುತ್ತಿದ್ದಳು.

“ನಾನು ಯಾರಿಗೂ ಹೇಳಿಕೊಟ್ಟಿಲ್ಲ ಅಕ್ಕಾ. ಹೆದರಿಕೆ ಆಗ್ತಿತ್ತು, ಅದಕ್ಕೆ ಮುಖಕ್ಕೆ ನೀರು ಹಾಕ್ಕೊಳ್ಳೋಕೆ ಬಂದಿದ್ದೆ. ಎರಡೂ ಸಲ.”

“ಗೊತ್ತು” ಎಂಬ ಮಾತು ಲಾಳಿಕೆಯಕ್ಕನ ಬಾಯಿಯವರೆಗೆ ಬಂತು. ಹೊರಗೆ ಬಂದದ್ದು ಬೇರೆ. “ಅದು ತೊಳೆದಾಗಿದೆ, ಬಿಡಮ್ಮ. ಮನೆಗೆ ಹೋಗು.”

ಮನೆಯೆಂದರೆ ಎರಡನೆಯ ಮಹಡಿಯಲ್ಲಿ ಒಂದೂವರೆ ಕೋಣೆ. ಗೋಡೆ ತೆಳು, ಪಕ್ಕದ ಮನೆಯವರು ಸೀನಿದರೆ ಇಲ್ಲಿ ಪಾತ್ರೆ ಅಲುಗುತ್ತದೆ ಎಂದು ಗಂಡ ತಮಾಷೆ ಮಾಡುತ್ತಿದ್ದ. ಅವನು ಇಪ್ಪತ್ತೇಳು ವರ್ಷ ಬಸ್ಸು ಓಡಿಸಿದವನು. ಎಂಜಿನಿನ ಪಕ್ಕ ಕೂತು ಕೂತು ಎಡಗಿವಿ ಪೂರ್ತಿ, ಬಲಗಿವಿ ಅರ್ಧ ಹೋಗಿತ್ತು. ಆಕೆ ಒಳಗೆ ಬಂದು ಚಪ್ಪಲಿ ಬಿಟ್ಟು, ಅಡುಗೆಕಟ್ಟೆಗೆ ಒರಗಿ ನಿಂತಳು. ಕೂತರೆ ಏಳಲಾಗುವುದಿಲ್ಲ ಎಂಬ ಹೆದರಿಕೆ.

“ಡಬ್ಬಿ ಹಾಗೇ ಇದೆಯಲ್ಲ. ಉಪವಾಸ ಏನು?”

“ಇವತ್ತು ನಾನೊಂದು ತಪ್ಪು ಮಾಡಿದೆ” ಅಂದಳು, ಮೆಲ್ಲಗೆ.

“ಉಪ್ಪು ಕಮ್ಮಿಯಾಗಿತ್ತಾ?”

“ಉಪ್ಪಲ್ಲ. ತಪ್ಪು.”

“ಜೋರಾಗಿ ಹೇಳೇ. ಬಾಯಲ್ಲಿ ಹತ್ತಿ ಇಟ್ಕೊಂಡಿದೀಯಾ?”

ಆಕೆ ಜೋರಾಗಿ ಹೇಳಿದಳು. ನೈಟ್ರಿಕ್ಕಿನ ಬಾಟಲಿಗೆ ಹೈಡ್ರೋಕ್ಲೋರಿಕ್ ಸುರಿದೆ. ಅವನಿಗೆ ಕೇಳಲಿಲ್ಲ. ಇನ್ನೂ ಜೋರಾಗಿ ಹೇಳಿದಳು. ಮಕ್ಕಳನ್ನ ಕಳ್ಳರು ಅಂತಿದಾರೆ! ಸುರಿದಿದ್ದು ನಾನು! ಪಕ್ಕದ ಮನೆಯಲ್ಲಿ ನಡೆಯುತ್ತಿದ್ದ ಮಾತು ಥಟ್ಟನೆ ನಿಂತಿತು. ಗೋಡೆಯ ಆಚೆ ಯಾರೋ ಉಸಿರು ಬಿಗಿಹಿಡಿದು ಕೇಳುತ್ತಿರುವುದು ಗೊತ್ತಾಗುತ್ತಿತ್ತು. ಕಿರುಚಿ ಮುಗಿದ ಮೇಲೆ ಆಕೆಗೆ ವಿಚಿತ್ರವೆನಿಸಿತು. ಹೇಳಿದರೆ ಸತ್ತೇ ಹೋಗುತ್ತೇನೆ ಎಂದುಕೊಂಡಿದ್ದ ಮಾತು. ಹೇಳಿದ ಮೇಲೂ ಕಾಲುನೋವು ಅಷ್ಟೇ ಇತ್ತು.

ಗಂಡ ಹಾಳೆಯನ್ನು ದೂರ ಹಿಡಿದು ನೋಡಿದ. “ಇದ್ರಲ್ಲಿ ನೀನೆಲ್ಲಿದೀಯಾ?”

“ಇಲ್ಲ. ಕನ್‌ಫ್ಯೂಷನ್ ಆಯ್ತು ಅಂತ ಇದೆಯಂತೆ.”

“ಒಳ್ಳೇದಾಯ್ತಲ್ಲ. ನಾನು ಒಂದ್ಸಲ ಬಸ್ಸನ್ನ ಕಂಬಕ್ಕೆ ಕೊಟ್ಟಾಗ ಹೀಗೇ ಬರೆದಿದ್ರು. ಬಸ್ಸಿಗೂ ಕಂಬಕ್ಕೂ ಡಿಕ್ಕಿ ಸಂಭವಿಸಿತು ಅಂತ. ಓದಿದವರಿಗೆ ಕಂಬವೇ ನಡ್ಕೊಂಡು ಬಂತೇನೋ ಅನ್ನಿಸ್ಬೇಕು.” ನಕ್ಕ. ಆಮೇಲೆ ನಗು ನಿಲ್ಲಿಸಿ, “ಆ ಕಂಬದ ಹತ್ರ ಯಾರೂ ನಿಂತಿರ್ಲಿಲ್ಲ ಕಣೇ. ಅದೊಂದು ಪುಣ್ಯ” ಅಂದ.

ಎದ್ದು ಡಬ್ಬಿಯ ಊಟ ಬಿಸಿ ಮಾಡಿ ಮುಂದಿಟ್ಟ.

ಮರುದಿನ ಬೆಳಿಗ್ಗೆ ಆಕೆ ಲ್ಯಾಬಿಗೆ ಹೋಗುವ ಮೊದಲು ಲೈಬ್ರರಿಗೆ ಹೋದಳು. ಲೈಬ್ರರಿಯಾಕೆ ಹಳೆಯ ಸ್ನೇಹಿತೆ, ಹದಿನೆಂಟು ವರ್ಷದಿಂದ ಒಂದೇ ಬೆಂಚಿನ ಮೇಲೆ ಊಟ ಮಾಡುವವಳು. ಪುಸ್ತಕ ತಡವಾಗಿ ತಂದವರನ್ನು ಕಣ್ಣಲ್ಲೇ ಸುಡುವವಳೆಂದು ಹೆಸರು.

“ಏನ್ ಲಾಳಿಕೆಯಕ್ಕ, ದಾರಿ ತಪ್ಪಿ ಬಂದ್ಯಾ? ಇಲ್ಲಿ ತೊಳೆಯೋದು ಏನೂ ಇಲ್ಲ, ಎಲ್ಲ ಧೂಳು.”

“ಒಂದು ಪದ ನೋಡ್ಬೇಕಿತ್ತು. ಕನ್‌ಫ್ಯೂಷನ್.”

“ಅದಕ್ಕೆ ಡಿಕ್ಷನರಿ ಬೇಕಾ? ನಮ್ಮ ಪ್ರಿನ್ಸಿಪಾಲರ ಮುಖ ನೋಡು ಸಾಕು.”

ಲಾಳಿಕೆಯಕ್ಕ ನಗದೆ, ಮುಖ್ಯಸ್ಥರು ಕೊಟ್ಟ ಹಾಳೆಯನ್ನು ಮುಂದಿಟ್ಟಳು. ಅವಳು ಓದಿದಳು. ಆಮೇಲೆ ಮೂಲೆಯ ಕಪಾಟಿನಿಂದ, ಎರಡು ಕೈ ಹಿಡಿಯಬೇಕಾದ ನಿಘಂಟನ್ನು ಇಳಿಸಿದಳು. ಪದದ ಈಗಿನ ಅರ್ಥವಷ್ಟೇ ಅಲ್ಲದೆ ಅದರ ಹುಟ್ಟನ್ನೂ ಹೇಳುವ ನಿಘಂಟು. ಬೆರಳಿಟ್ಟು ಓದುತ್ತ ಕನ್ನಡ ಮಾಡುತ್ತ ಹೋದಳು.

“ಗೊಂದಲ, ಗಲಿಬಿಲಿ, ತಬ್ಬಿಬ್ಬು... ಇದು ಈಗಿಂದು. ತುಂಬ ಹಿಂದೆ ಇಂಗ್ಲಿಷಿನವರು ಇದನ್ನ ಹಾಳಾಗೋದು, ನಾಚಿಕೆಗೇಡು ಅನ್ನೋ ಅರ್ಥದಲ್ಲಿ ಹೇಳ್ತಿದ್ರಂತೆ. ಅದಕ್ಕೂ ಹಿಂದೆ ಲ್ಯಾಟಿನ್. ಅಲ್ಲಿ ಎರಡು ತುಂಡು. ಮೊದಲನೇದು, ಒಟ್ಟಿಗೆ. ಎರಡನೇದು...” ಅವಳ ಬೆರಳು ನಿಂತಿತು.

“ಎರಡನೇದು ಏನೇ?”

“ಸುರಿಯೋದು. ಒಟ್ಟಿಗೆ ಸುರಿಯೋದು. ಇದರಲ್ಲಿರೋದನ್ನ ಅದರಲ್ಲಿರೋದಕ್ಕೆ ಸೇರಿಸಿ ಸುರಿದು, ಯಾವುದು ಯಾವುದು ಅಂತ ಗೊತ್ತಾಗದ ಹಾಗೆ ಮಾಡೋದು.”

ಹೊರಗೆ ಯಾರೋ ಬೆಂಚು ಎಳೆದರು. ಲಾಳಿಕೆಯಕ್ಕ ನಿಘಂಟಿನ ಪುಟವನ್ನೇ ನೋಡುತ್ತಿದ್ದಳು. ಇರುವೆ ಸಾಲಿನಂಥ ಅಕ್ಷರಗಳು. ಎಷ್ಟೋ ನೂರು ವರ್ಷದ ಕೆಳಗೆ, ಯಾವುದೋ ಊರಿನಲ್ಲಿ, ಯಾರೋ ಒಬ್ಬರು ಕೈಯಲ್ಲಿ ಪಾತ್ರೆ ಹಿಡಿದು ನಿಂತಿದ್ದು ಆಕೆಗೆ ಕಂಡಂತಾಯಿತು. ಬಹುಶಃ ಅವರೂ ಬೆಳಗಿನಿಂದ ಕೂತಿರಲಿಲ್ಲ.

“ತಡಿ, ಇನ್ನೂ ಇದೆ” ಅಂದಳು ಲೈಬ್ರರಿಯಾಕೆ. ಪುಟ ತಿರುವಿ, ಇನ್ನೊಂದು ಕಡೆ ಬೆರಳಿಟ್ಟಳು. “ರಿಫಂಡ್ ಅಂತೀವಲ್ಲ, ಅದೂ ಇದೇ ಬೇರಿಂದು. ವಾಪಸ್ ಸುರಿಯೋದು. ಆಮೇಲೆ... ಅಯ್ಯೋ, ಫನಲ್ ಕೂಡ! ಲಾಳಿಕೆ! ನೋಡೇ, ನೀನೂ ಇದೇ ಮನೆತನದವಳು.”

“ವಾಪಸ್ ಸುರಿಯೋಕೆ ಬರಲ್ಲ” ಅಂದಳು ಲಾಳಿಕೆಯಕ್ಕ.

“ಏನು?”

“ಬೆರೆತ ಮೇಲೆ. ಯಾವ ಲಾಳಿಕೆ ಇಟ್ರೂ ಬರಲ್ಲ.” ಹಾಳೆಯನ್ನು ಕೈಗೆತ್ತಿಕೊಂಡಳು. “ನಮ್ಮ ಸಾರ್ ಆ ಪದವನ್ನ ಮೋಡ ಕವಿದ ಹಾಗೆ ಹೇಳಿದ್ರು. ತಾನಾಗಿ ಬಂತು, ತಾನಾಗಿ ಹೋಗುತ್ತೆ ಅನ್ನೋ ಹಾಗೆ. ಇದ್ರಲ್ಲಿ ನೋಡಿದ್ರೆ ಮೊದಲಿಂದಲೂ ಒಂದು ಕೈ ಇದೆ.”

“ಅಕ್ಕಾ, ಅವರು ಹೇಳಿದ ಹಾಗೆ ಸೈನ್ ಹಾಕಿಬಿಡು. ನಿನ್ನ ಒಳ್ಳೇದಕ್ಕೆ ಹೇಳ್ತೀನಿ. ಮೂವತ್ತೊಂದು ವರ್ಷಕ್ಕೆ ಒಂದು ಕಪ್ಪು ಚುಕ್ಕೆ ಯಾಕೆ?”

“ಒಂದು ಬಿಳಿ ಹಾಳೆ ಕೊಡೇ” ಅಂದಳು ಲಾಳಿಕೆಯಕ್ಕ.

ಕನ್ನಡದಲ್ಲೇ ಬರೆದಳು. ಐದು ಸಾಲು. ಮಧ್ಯಾಹ್ನದ ಬಿಡುವಿನಲ್ಲಿ ನೈಟ್ರಿಕ್ ಆಮ್ಲದ ಆರು ಬಾಟಲಿಗಳಿಗೆ ನಾನು ಹೈಡ್ರೋಕ್ಲೋರಿಕ್ ಆಮ್ಲ ಸುರಿದೆ. ನಾಲ್ಕನೆಯ ಬಾಟಲಿಯ ಹತ್ತಿರ ಅನುಮಾನ ಬಂದಿತ್ತು. ಆದರೂ ನಿಲ್ಲಿಸಲಿಲ್ಲ. ಮಕ್ಕಳು ಕಂಡದ್ದನ್ನೇ ಬರೆದಿದ್ದಾರೆ. ಕಿಟಕಿ ಪಕ್ಕದ ಹುಡುಗಿ ಯಾರಿಗೂ ಹೇಳಿಕೊಟ್ಟಿಲ್ಲ. ಹೊಸ ಬಾಟಲಿಗಳ ಮಾತು, ದಾರದ ಮಾತು ಬರೆಯಲಿಲ್ಲ. ಅದನ್ನು ಬರೆದರೆ ಅದೂ ಸುಳ್ಳಾಗುತ್ತಿರಲಿಲ್ಲ. ಬರೆಯುವ ಶಕ್ತಿ ಇರಲಿಲ್ಲ, ಅಷ್ಟೆ.

ಮಧ್ಯಾಹ್ನ ವರದಿ ಬರೆಯಲು ಕೂತ ಹೊರಗಿನ ಪರೀಕ್ಷಕರು ಅದನ್ನು ಓದಿ, ಹಾಳೆಯ ಮೇಲಿಂದ ಆಕೆಯನ್ನು ನೋಡಿದರು.

“ಯಾರು ಹೇಳಿ ಬರೆಸಿದ್ದು? ಹುಡುಗರ ಮೇಲೆ ಪ್ರೀತಿ ಜಾಸ್ತಿ ಇರಬೇಕು ನಿಮಗೆ. ಹೋಗೋ ಕಾಲದಲ್ಲಿ ತಲೆ ಮೇಲೆ ಹಾಕ್ಕೊಳ್ತಿದೀರಿ.”

“ಪ್ರೀತಿಗೀತಿ ಏನಿಲ್ಲ ಸಾರ್. ದಿನಕ್ಕೆ ಹತ್ತು ಟ್ಯೂಬು ಒಡೀತಾರೆ.”

ಪಕ್ಕದಲ್ಲಿ ಕೂತಿದ್ದ ಮುಖ್ಯಸ್ಥರು ನೆಲ ನೋಡುತ್ತಿದ್ದರು.

ಆಕೆ ಲ್ಯಾಬಿಗೆ ಹೋಗಿ ಆರು ನೈಟ್ರಿಕ್ ಬಾಟಲಿಗಳನ್ನು ತಟ್ಟೆಯಲ್ಲಿಟ್ಟು ತಂದಳು. ನಿನ್ನೆಯಿಂದ ಅವನ್ನು ಯಾರೂ ಮುಟ್ಟಿರಲಿಲ್ಲ; ಬೆಳಗಿನ ಪರೀಕ್ಷೆಗೆ ಮುಖ್ಯಸ್ಥರು ತಾವೇ ಬೇರೆ ಬಾಟಲಿ ಇಟ್ಟಿದ್ದರು. ಸ್ಟ್ಯಾಂಡಿನಲ್ಲಿ ಆರು ಪ್ರನಾಳ ನಿಲ್ಲಿಸಿದಳು. ಮೂವತ್ತೊಂದು ವರ್ಷದಲ್ಲಿ ಸಾವಿರಾರು ಮಕ್ಕಳು ಮಾಡುವುದನ್ನು ನೋಡಿದ್ದಳು. ತಾನು ಮಾಡಿದ್ದು ಇದೇ ಮೊದಲು.

“ಲವಣ ಎಲ್ಲಿ?” ಅಂದರು ಪರೀಕ್ಷಕರು.

“ಲವಣ ಹಾಕಲ್ಲ ಸಾರ್. ಬರೀ ಭಟ್ಟಿ ಇಳಿಸಿದ ನೀರು.”

ನೀರಿಗೆ ಒಂದೊಂದು ಬಾಟಲಿಯಿಂದ ನಾಲ್ಕು ನಾಲ್ಕು ಹನಿ. ಆಮೇಲೆ ಸಿಲ್ವರ್ ನೈಟ್ರೇಟ್ ಎರಡೆರಡು ಹನಿ. ಒಂದು ಹನಿ ಮೇಜಿನ ಮೇಲೆ ಬಿತ್ತು. ಮೊದಲನೆಯ ಪ್ರನಾಳದಲ್ಲಿ ಬಿಳಿ ಎದ್ದಿತು, ಹಾಲಿನಲ್ಲಿ ಹುಳಿ ಬಿದ್ದಂತೆ. ಎರಡನೆಯದರಲ್ಲಿ. ಮೂರು, ನಾಲ್ಕು, ಐದು, ಆರು. ಏನೂ ಇಲ್ಲದ ನೀರು ಆರು ಸಲವೂ ಕ್ಲೋರೈಡ್ ಎಂದು ಸಾಕ್ಷಿ ಹೇಳಿತು.

ಪರೀಕ್ಷಕರು ಪ್ರನಾಳವೊಂದನ್ನು ಬೆಳಕಿಗೆ ಹಿಡಿದು ನೋಡಿದರು, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು. “ಶನಿವಾರ ಆ ಹನ್ನೊಂದು ಜನಕ್ಕೆ ಮತ್ತೆ ಪರೀಕ್ಷೆ” ಅಂದರು. ಆಮೇಲೆ, “ಇವರ ವಿಷಯ ಪ್ರಿನ್ಸಿಪಾಲರು ನೋಡಿಕೊಳ್ಳಲಿ.”

ಪ್ರಿನ್ಸಿಪಾಲರು ಎರಡೇ ದಿನದಲ್ಲಿ ನೋಡಿಕೊಂಡರು. ವಿಚಾರಣೆ ಮುಗಿಯುವ ತನಕ ಆಕೆ ರಾಸಾಯನಿಕಗಳನ್ನು ಮುಟ್ಟುವಂತಿಲ್ಲ. ಲ್ಯಾಬಿನ ಕೀ ಆಫೀಸಿಗೆ ಒಪ್ಪಿಸಬೇಕು. ಕೀಗೊಂಚಲು ಕೋಟಿನ ಎಡ ಜೇಬಿನಲ್ಲಿದ್ದು ಇದ್ದು ಅಲ್ಲಿ ಬಟ್ಟೆಯೇ ಅದರ ಆಕಾರಕ್ಕೆ ಜೋತುಬಿದ್ದಿತ್ತು. ಕೊಟ್ಟ ಮೇಲೂ ಅದು ಹಾಗೇ ಜೋತಿತ್ತು. ಲಾಳಿಕೆಯನ್ನು ಕೊಡಿ ಎಂದು ಯಾರೂ ಕೇಳಲಿಲ್ಲ.

ಶನಿವಾರ ಆಕೆ ಲ್ಯಾಬಿನ ಹೊರಗೆ ಮೊಗಸಾಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಪರೀಕ್ಷೆಯ ದಿನ ಆಕೆ ಕೂತಿದ್ದು ಅದೇ ಮೊದಲು. ಒಳಗೆ ನಲ್ಲಿಯ ಸದ್ದು, ಗಾಜಿಗೆ ಗಾಜು ತಾಗುವ ಸದ್ದು. ಬಾಗಿಲ ಸಂದಿನಿಂದ ಗೂಡು ಕಾಣುತ್ತಿತ್ತು. ದೊಡ್ಡ ಬಾಟಲಿಯೊಂದರ ಕುತ್ತಿಗೆಗೆ ದಾರ ಸುತ್ತಿತ್ತು, ಉತ್ತರಪತ್ರಿಕೆಯ ಕಟ್ಟು ಕಟ್ಟುವ ಬಿಳಿ ದಾರ. ಕಟ್ಟಿದವರಿಗೆ ಕಟ್ಟಿ ಅಭ್ಯಾಸವಿಲ್ಲ; ಗಂಟಿನ ಮೇಲೆ ಗಂಟು, ಎರಡು ತುದಿ ಉದ್ದಕ್ಕೆ ನೇತಾಡುತ್ತಿದ್ದವು. ಆಕೆ ಬಗ್ಗಿ, ಕಣ್ಣು ಕಿರಿದು ಮಾಡಿ, ಚೀಟಿಯ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡಳು. ಹೈಡ್ರೋಕ್ಲೋರಿಕ್. ಸರಿಯಾಗಿದೆ.

ಮುಖ್ಯಸ್ಥರು ಒಮ್ಮೆ ಬಾಗಿಲವರೆಗೆ ಬಂದರು. ಆಕೆಯನ್ನು ನೋಡಿದರು. ಒಳಗೆ ಹೋಗಿ ಬಾಗಿಲನ್ನು ಇನ್ನಷ್ಟು ತೆರೆದಿಟ್ಟರು.

ಎರಡು ಗಂಟೆಯ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಹೊರಬಂದರು. ಕೆಲವರು ಆಕೆಯನ್ನು ನೋಡದೆ ಹೋದರು. ಒಬ್ಬ, “ನಿಮ್ಮಿಂದ ಎರಡೆರಡು ಸಲ ಓದೋ ಹಾಗಾಯ್ತು” ಎಂದು ಗೊಣಗಿದ. ಆಕೆ ತಲೆಯಾಡಿಸಿದಳು. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಕಿಟಕಿ ಪಕ್ಕದ ಹುಡುಗಿ ಕೊನೆಗೆ ಬಂದಳು. ಕೈ ಒದ್ದೆಯಾಗಿತ್ತು. ಸ್ಟೂಲಿನ ಮುಂದೆ ನಿಂತಳು.

“ಏನ್ ಬಂತೇ?” ಅಂದಳು ಲಾಳಿಕೆಯಕ್ಕ.

“ಸಲ್ಫೇಟ್.”

“ಸರಿಯಾಗಿ ನೋಡಿದ್ಯಾ?”

“ಎರಡು ಸಲ ನೋಡಿದೆ.” ಹುಡುಗಿ ಇನ್ನೂ ನಿಂತೇ ಇದ್ದಳು. “ಅವತ್ತು ಸಿಂಕಿನ ಹತ್ರ... ನಿಮಗೆ ಆಗ್ಲೇ ಗೊತ್ತಿತ್ತಾ ಅಕ್ಕಾ?”

ಮೊಗಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗೊತ್ತಿರಲಿಲ್ಲ ಅಂದಿದ್ದರೆ ಆ ಮಾತನ್ನು ಯಾವ ಪರೀಕ್ಷೆಯೂ ಹಿಡಿಯುತ್ತಿರಲಿಲ್ಲ.

“ಗೊತ್ತಿತ್ತು” ಅಂದಳು.

ಹುಡುಗಿ ಸ್ವಲ್ಪ ಹೊತ್ತು ಆಕೆಯನ್ನು ನೋಡಿದಳು. ಕ್ಷಮಿಸಿದಂತೆಯೂ ಇರಲಿಲ್ಲ, ಕ್ಷಮಿಸದಂತೆಯೂ ಇರಲಿಲ್ಲ. ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಮೆಟ್ಟಿಲು ಇಳಿದು ಹೋದಳು.

ಒಳಗೆ ಸಿಂಕಿನ ತುಂಬ ತೊಳೆಯದ ಪ್ರನಾಳಗಳು. ರಾಸಾಯನಿಕ ಮುಟ್ಟಬಾರದು ಅಂದಿದ್ದರು, ತೊಳೆಯಬಾರದು ಅಂದಿರಲಿಲ್ಲ. ಲಾಳಿಕೆಯಕ್ಕ ಮೊಣಕಾಲು ಹಿಡಿದುಕೊಂಡು ಎದ್ದು, ಒಳಗೆ ಹೋಗಿ ನಲ್ಲಿ ತಿರುಗಿಸಿದಳು.